ದಾರಿ ಮರೆಯದ ಸ್ಪ್ರಿಂಗು

"ಇನ್ಮೇಲೆ ನಮ್ಮತ್ತೆ ಕಾರು ಹತ್ತೋ ಹಾಗೇ ಇಲ್ಲ. ಕುರ್ಚಿ ಮೇಲೆ ಕೂತ ಹಾಗೆ ಕೂತರೆ ಆಯ್ತು!" ಎಂದು ಘೋಷಿಸಿದ ಮುರುಗೇಂದ್ರಪ್ಪ, ಕಾರಿನ ಮೇಲೆ ಹೊದಿಸಿದ್ದ ಹೆಂಡತಿಯ ಹಳೆಯ ಸೀರೆಯನ್ನು ಎಳೆದ.

ಜೀಪಿನಂಥ ಅವನ ಎತ್ತರದ ಕಾರು ಕುಳ್ಳಗಾಗಿ ನಿಂತಿತ್ತು.

ಮುರುಗೇಂದ್ರಪ್ಪ ನನ್ನ ಪಕ್ಕದ ಮನೆಯವನು. ದಾವಣಗೆರೆಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ಅಂದಿನಿಂದ ಅವನಿಗೆ ಬಿಡುವು ಸಿಕ್ಕಿದೆ, ನಮಗೆ ಹೋಗಿದೆ. ಹೋದ ಬೇಸಿಗೆಯಲ್ಲಿ ತಾನೇ ತಣ್ಣಗಾಗುವ ಹೆಲ್ಮೆಟ್ ಮಾಡಿ, ಅದನ್ನು ತಲೆಯಿಂದ ಬಿಡಿಸಿಕೊಳ್ಳಲು ಬಿಸಿನೀರು ಹೊಯ್ಸಿಕೊಂಡಿದ್ದ. ಆದರೆ ಈ ಸಲದ ಉದ್ದೇಶ ಒಳ್ಳೆಯದು, ಅದನ್ನು ಒಪ್ಪಲೇಬೇಕು. ಅವನ ಅತ್ತೆ ಹಾಲಮ್ಮನಿಗೆ ಕಾಲೆತ್ತಿ ಮೆಟ್ಟಿಲು ಹತ್ತಲಾಗದು. ಹರಿಹರದಲ್ಲಿ ಹಾಸಿಗೆ ಹಿಡಿದಿರುವ ತಂಗಿಯನ್ನು ನೋಡದೆ ಅವರಿಗೆ ಎರಡು ವರ್ಷವಾಗಿತ್ತು. ಫೋನಿನಲ್ಲಿ ಅಕ್ಕತಂಗಿ ಮಾತಾಡುವುದಕ್ಕಿಂತ ಮೂಗು ಸೇದುವುದೇ ಹೆಚ್ಚು. ಕೇಳಿದರೆ ನನಗೂ ಸಂಕಟವಾಗುತ್ತಿತ್ತು. ಬಾಡಿಗೆಗೆ ತಗ್ಗಿನ ಕಾರೊಂದನ್ನು ತರೋಣವೆಂದರೆ ಅಳಿಯನಿಗೆ ಅವಮಾನವಂತೆ.

"ಸ್ಪ್ರಿಂಗ್ ನಾನೇ ಮಾಡಿದ್ದು. ನೆನಪಿರೋ ಲೋಹ. ಒಂದು ಸಲ ಹಾರಿದ ರಸ್ತೆ ಹಂಪನ್ನ ಮರೆಯೋದಿಲ್ಲ. ಮುಂದಿನ ಸಲ ಅದು ಬರೋ ಮೊದಲೇ ಸಜ್ಜಾಗಿ ನಿಲ್ಲುತ್ತೆ," ಎಂದ.

"ಸ್ಟ್ರಟ್ಟು? ಶಾಕ್ ಅಬ್ಸಾರ್ಬರು?" ಎಂದು ಕೇಳಿದೆ. ನಾನು ಕರಿಬಸಪ್ಪ, ಬಸ್ ಡಿಪೊದ ಗ್ಯಾರೇಜಿನಲ್ಲಿ ಮುಖ್ಯಸ್ಥನಾಗಿದ್ದವನು. ಗಾಡಿಯ ಕೆಳಗೆ ಏನಿದೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

"ಹಳೇದೇ ಇದೆ."

"ಅಯ್ಯೋ ಮಾರಾಯ, ಸ್ಪ್ರಿಂಗ್ ಕುಣಿಸುತ್ತೆ, ಸ್ಟ್ರಟ್ಟು ಸಾಕು ನಿಲ್ಲಿಸು ಅನ್ನುತ್ತೆ. ಎತ್ತರದ ಸ್ಪ್ರಿಂಗಿಗೆ ಅಂತ ಮಾಡಿದ ಸ್ಟ್ರಟ್ಟು ಗಿಡ್ಡ ಸ್ಪ್ರಿಂಗಿನ ಜೊತೆ ಹೆಂಗೆ ಬಾಳ್ವೆ ಮಾಡುತ್ತೆ? ತಳಕ್ಕೆ ಕುಟ್ಟಿ ಕುಟ್ಟಿ ಸಾಯುತ್ತೆ. ಹಾಕೋದಾದ್ರೆ ಎರಡನ್ನೂ ಜೋಡಿ ನೋಡಿ ಹಾಕು."

"ಸ್ಟ್ರಟ್ಟು ಬೇಕಾಗಿರೋದು ಬುದ್ಧಿಯಿಲ್ಲದ ಸ್ಪ್ರಿಂಗಿಗೆ," ಎಂದು ಅವನು ಬಾಗಿಲು ತೆರೆದ.

ಹಾಲಮ್ಮ ಸೀಟಿಗೆ ಬೆನ್ನು ಮಾಡಿ ನಿಂತು, ಮೆಲ್ಲಗೆ ಕೂತರು. ಕೂತೇಬಿಟ್ಟರು! ಮುಖ ಅರಳಿತು. "ಹರಿಹರಕ್ಕೆ ನಡಿಯಪ್ಪ," ಎಂದರು. ಮಡಿಲಲ್ಲಿ ತಂಗಿಗೆಂದು ಹುರಿದ ಶೇಂಗಾ ಚಟ್ನಿಪುಡಿಯ ಡಬ್ಬಿ ಮೊದಲೇ ಸಿದ್ಧವಿತ್ತು.

ಬೀದಿಯ ಕೊನೆಯ ಹಂಪಿನವರೆಗೆ ಎಲ್ಲವೂ ಚೆನ್ನಾಗಿತ್ತು. ಹಂಪು ಹಾರಿದ ಕಾರು ಹಾರುತ್ತಲೇ ಉಳಿಯಿತು. ಹಂಪು ಹಿಂದೆ ಹೋಯಿತು, ಕುಣಿತ ಹೋಗಲಿಲ್ಲ. ಬ್ರೇಕ್ ಹಾಕಿದರೆ ನಿಂತಲ್ಲೇ ಕುಣಿಯಿತು. ಹಾಲಮ್ಮನ ತುರುಬು ಬಿಚ್ಚಿತು, ಡಬ್ಬಿಯ ಮುಚ್ಚಳ ಹಾರಿತು, ಚಟ್ನಿಪುಡಿ ಮುರುಗೇಂದ್ರಪ್ಪನ ಕಣ್ಣಿಗೇ ಹೋಯಿತು. ಕಾರನ್ನು ತಳ್ಳಿಕೊಂಡು ವಾಪಸು ಬಂದೆವು.

"ಸ್ಟ್ರಟ್ಟು," ಎಂದೆ ನಾನು.

"ತರಬೇತಿ," ಎಂದ ಅವನು, ಕಣ್ಣೊರೆಸಿಕೊಳ್ಳುತ್ತ. "ದಿನಾ ಒಂದೇ ದಾರೀಲಿ ಓಡಿಸಿದರೆ ಪಾಠ ಕಲಿಯುತ್ತೆ."

ಮರುದಿನದಿಂದ ಬೆಳಗ್ಗೆ ಏಳಕ್ಕೆ ತರಬೇತಿ ಶುರುವಾಯಿತು. ದಾರಿಯನ್ನು ವೈಜ್ಞಾನಿಕವಾಗಿ ಆರಿಸಿದ್ದೆವು: ರೈಲ್ವೆ ಗೇಟು ದಾಟಿ, ಹೈಸ್ಕೂಲಿನ ಮುಂದೆ ಹಾದು, ನೀರಿನ ಟ್ಯಾಂಕಿನ ಹತ್ತಿರದ ಬೆಣ್ಣೆದೋಸೆ ಹೋಟೆಲಿನವರೆಗೆ. ಅವನ ಹೆಂಡತಿ ಸರ್ವಮಂಗಳಾ ಮತ್ತು ನನ್ನ ಹೆಂಡತಿ ಕೊಟ್ರಮ್ಮ ಇಬ್ಬರೂ ಒಬ್ಬರೇ ಡಾಕ್ಟರ ಮಾತು ಕೇಳಿ, ನಮ್ಮಿಬ್ಬರಿಗೂ ಬೆಣ್ಣೆ ಬಂದ್ ಮಾಡಿದ್ದರು. ವಿಜ್ಞಾನ ಯಾರ ಮಾತನ್ನೂ ಕೇಳುವುದಿಲ್ಲ. ಕೊಟ್ರಮ್ಮನಿಗೆ ಮಾತ್ರ, ನಾನು ಬೀದಿಯ ಮೂಲೆಯಲ್ಲಿ ನಿಂತು ಚಕ್ರ ನೋಡುತ್ತೇನೆ, ಕಾರಿನೊಳಗೆ ಕಾಲೇ ಇಡುವುದಿಲ್ಲ ಎಂದು ಹೇಳಿದ್ದೆ.

ಕುಣಿತ ಕಡಿಮೆಯಾಗಲಿಲ್ಲ. ಆದರೆ ದೋಸೆಗೆ ಹಸಿವು ಚೆನ್ನಾಗಿ ಆಗುತ್ತಿತ್ತು.

ಹಾಲಮ್ಮನಿಗೆ ಆ ಸೀಟು ಹಿಡಿಸಿಬಿಟ್ಟಿತ್ತು. ಎಲ್ಲಿಗೂ ಹೋಗದಿದ್ದರೂ ನಿಂತ ಕಾರಿನಲ್ಲಿ ಕೂತು ಸೊಪ್ಪು ಸೋಸುತ್ತಿದ್ದರು. ಒಂದು ಭಾನುವಾರ ನಾವು ತರಬೇತಿಗೆ ರಜೆ ಕೊಟ್ಟಿದ್ದೆವು. ಸರಿಯಾಗಿ ಏಳಕ್ಕೆ, ಇಂಜಿನ್ ಚಾಲೂ ಮಾಡದೆಯೇ, ಹಾಲಮ್ಮ ಕೂತಿದ್ದ ಕಾರು ತಾನಾಗಿ ಮೇಲೆ ಕೆಳಗೆ ಆಡತೊಡಗಿತು. ಇಬ್ಬರೂ ಅದರತ್ತ ಓಡಿದೆವು.

"ಶಕ್ತಿ ಎಲ್ಲಿಂದ ಬಂತು ಇದಕ್ಕೆ?" ಎಂದೆ.

"ಹಂಪುಗಳಿಂದ ಕೂಡಿಟ್ಟುಕೊಂಡಿದೆ," ಎಂದ ಅವನು, ಖುಷಿಯಿಂದ. ನಮ್ಮೂರಿನ ರಸ್ತೆಗಳನ್ನು ಕಂಡವರು ಇದನ್ನು ಸುಲಭವಾಗಿ ನಂಬುತ್ತಾರೆ.

ಹಾಲಮ್ಮ ಮಾತ್ರ ಇಳಿಯಲಿಲ್ಲ. ಕಣ್ಣುಮುಚ್ಚಿ ಕೂತಿದ್ದರು. ಕಾಲು ಗಟ್ಟಿಯಿದ್ದಾಗ ಸಿಟಿ ಬಸ್ಸಿನಲ್ಲಿ ಊರೆಲ್ಲ ತಿರುಗಿದವರು ಅವರು.

"ಇದು ನಮ್ಮ ಬೀದಿ ಹಂಪು," ಎಂದರು. ಕಾರು ದಡದಡ ನಡುಗಿತು. "ರೈಲ್ವೆ ಗೇಟು." ಎರಡು ಸಲ ಜಿಗಿಯಿತು. "ಹೈಸ್ಕೂಲು." ಆಮೇಲೆ ಒಂದು ದೊಡ್ಡ ಗುಂಡಿ. "ಇದು ಟ್ಯಾಂಕಿನ ಹತ್ರದ್ದು. ಇನ್ನೂ ಮುಚ್ಚಿಲ್ಲೇನು ಅದನ್ನ?"

ಕಾರು ನಿಂತಿತು. ಬಹಳ ಹೊತ್ತು ಅಲುಗಲಿಲ್ಲ. ಹಾಲಮ್ಮ ಒಂದು ಕಣ್ಣು ತೆರೆದು ಅಳಿಯನನ್ನು ನೋಡಿದರು. ಕೊನೆಗೆ ಕಾರು ವಾಪಸು ಕುಣಿಯತೊಡಗಿತು, ಈ ಸಲ ಇನ್ನಷ್ಟು ತಗ್ಗಿ.

"ಹೋಗೋವಾಗಿಗಿಂತ ಬರೋವಾಗ ಭಾರ ಜಾಸ್ತಿ ಐತಿ," ಎಂದರು. "ಎಡಕ್ಕೆ ಇನ್ನೂ ಜಾಸ್ತಿ." ಎಡಗಡೆಯ ಸೀಟು ನನ್ನದು.

ಮುರುಗೇಂದ್ರಪ್ಪ ಅಡುಗೆಮನೆಯ ಕಿಟಕಿ ಕಡೆ ನೋಡಿ ಪಿಸುಗುಟ್ಟಿದ. "ಅತ್ತೆ, ಮಂಗಳಾಗೆ ಹೇಳ್ಬೇಡಿ."

"ನಾ ಯಾಕ ಹೇಳ್ಲಿ? ನೀವು ಏನರ ತಿನ್ರಿ. ಆದ್ರ ನನ್ನ ತಂಗಿ ಅಲ್ಲಿ ದಾರಿ ನೋಡಿ ನೋಡಿ ಸೊರಗ್ಯಾಳ. ನಿನ್ನ ಹಠಕ್ಕ ನಾನು ಇಲ್ಲಿ ಸೊಪ್ಪು ಸೋಸ್ಕೋತ ಕುಂತೀನಿ. ಕರಿಬಸಪ್ಪ ಹೇಳಿದ್ದನ್ನ ಹಾಕಿಸು. ಸ್ಪ್ರಿಂಗೂ ಅದರ ಜೋಡಿದೂ, ಎರಡೂ." ನನಗೆ ದೋಸೆ ನೆನಪಾಗಿ ನಾಚಿಕೆಯಾಯಿತು.

ಮುರುಗೇಂದ್ರಪ್ಪ ಹಠ ಬಿಟ್ಟ. ಮರುದಿನವೇ ಗ್ಯಾರೇಜಿನಲ್ಲಿ, ನನ್ನ ಕಣ್ಣೆದುರೇ, ಒಂದಕ್ಕೊಂದು ಹೊಂದುವ ಗಿಡ್ಡ ಸ್ಪ್ರಿಂಗೂ ಗಿಡ್ಡ ಸ್ಟ್ರಟ್ಟೂ ಹಾಕಿಸಿದ. ಕಾರು ಹಂಪು ಹಾರಿತು, ಒಮ್ಮೆ ತಗ್ಗಿತು, ಎದ್ದಿತು, ಸುಮ್ಮನಾಯಿತು. ಅವನ ಮುಖ ನೋಡಲಾಗುತ್ತಿರಲಿಲ್ಲ. ಬಿಚ್ಚಿದ ನಾಲ್ಕು ಸ್ಪ್ರಿಂಗುಗಳನ್ನು ಮಗುವಿನಂತೆ ಎತ್ತಿಕೊಂಡು ಬಂದು ಅಂಗಳದ ಮೂಲೆಯಲ್ಲಿಟ್ಟ.

ಮರುದಿನ ಬೆಳಗ್ಗೆ ಎಲ್ಲರೂ ಹರಿಹರಕ್ಕೆ ಹೊರಟೆವು. ಮುಂದೆ ಅಳಿಯ, ಅತ್ತೆ, ಹೊಸ ಚಟ್ನಿಪುಡಿ. ಹಿಂದೆ ಸರ್ವಮಂಗಳಾ, ಕೊಟ್ರಮ್ಮ, ಅವರಿಬ್ಬರ ನಡುವೆ ನಾನು. ಮುರುಗೇಂದ್ರಪ್ಪ ಗಾಡಿ ಚಾಲೂ ಮಾಡಿದಾಗ ಗಂಟೆ ಏಳಾಗಿತ್ತು.

ಮೂಲೆಯಲ್ಲಿದ್ದ ಸ್ಪ್ರಿಂಗುಗಳು ಒಂದೊಂದಾಗಿ ಎದ್ದು ನಿಂತವು. ಕಾರಿನ ಕೆಳಗಿದ್ದ ಹಾಗೆಯೇ, ಬಲಕ್ಕೆರಡು, ಎಡಕ್ಕೆರಡು. ಕುಪ್ಪಳಿಸಿ ಗೇಟು ದಾಟಿದವು.

"ಏನ್ರೀ ಅದು?" ಎಂದಳು ಸರ್ವಮಂಗಳಾ.

ಹರಿಹರದ ದಾರಿಯೂ ಅದೇ. ಸ್ಪ್ರಿಂಗುಗಳ ಹಿಂದೆ ನಾವು. ಹಂಪಿನಲ್ಲಿ ಅವು ಎತ್ತರಕ್ಕೆ ಹಾರಿದವು. ರೈಲ್ವೆ ಗೇಟು ಹಾಕಿತ್ತು, ಶಿಸ್ತಾಗಿ ನಿಂತು ಕಾದವು. ಮುರುಗೇಂದ್ರಪ್ಪ ಬೆವರುತ್ತಿದ್ದ, ಆದರೂ ಕಣ್ಣಲ್ಲಿ ಹೆಮ್ಮೆ. ನೀರಿನ ಟ್ಯಾಂಕಿನ ಗುಂಡಿ ಹಾರಿ, ಹೋಟೆಲಿನ ಮೆಟ್ಟಿಲು ಹತ್ತಿ, ನಮ್ಮ ಮಾಮೂಲಿ ಮೇಜಿನ ಹತ್ತಿರ ಹೋಗಿ ನಾಲ್ಕೂ ಕೂತವು.

ಸಪ್ಲೈಯರು ಹೊರಗೆ ಬಂದು ಕಾರು ನೋಡಿದ. "ಬರ್ರಿ ಸಾರ್, ಎರಡು ದಿನ ಆತು ಕಾಣ್ಲಿಲ್ಲ. ದಿನದಂಗ ಎರಡೆರಡಾ?"

ಸರ್ವಮಂಗಳಾ ಗಂಡನ ಬೆನ್ನನ್ನೇ ದುರುಗುಟ್ಟಿ ನೋಡಿದಳು.

"ನಾ ಏನೂ ಹೇಳಿಲ್ಲಪ್ಪ," ಎಂದರು ಹಾಲಮ್ಮ. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ, "ನಮ್ಮ ತಂಗಿಗೆ ಎರಡು ಕಟ್ಟು ತಮ್ಮಾ. ಅಕಿಗೆ ಯಾವ ಡಾಕ್ಟರೂ ಬ್ಯಾಡ ಅಂದಿಲ್ಲ," ಎಂದರು. ತಂಗಿಯ ಹೆಸರೆತ್ತಿದಾಗ ಅವರ ಮುಖದಲ್ಲಿದ್ದ ಸಂತೋಷ ನೋಡಿ, ಏನಾದರೂ ಆಗಲಿ, ಈ ಕಾರು ತಗ್ಗಿದ್ದು ಸಾರ್ಥಕ ಅಂದುಕೊಂಡೆ.

ಅಷ್ಟರಲ್ಲಿ ಕೊಟ್ರಮ್ಮ ಮೇಜಿನತ್ತ ಬೆರಳು ತೋರಿಸಿದಳು. "ಎಡಗಡೆ ಸ್ಪ್ರಿಂಗು ಎರಡೂ ಬಲಗಡೇವಕ್ಕಿಂತ ಗಿಡ್ಡ ಆಗ್ಯಾವಲ್ಲ. ಆ ಕಡೆ ಯಾರು ಕೂರ್ತಿದ್ರು?"

"ಸಿಮೆಂಟ್ ಚೀಲ," ಎಂದೆ ನಾನು.

"ಯಾರೂ ಇಲ್ಲ, ಖಾಲಿ," ಎಂದ ಮುರುಗೇಂದ್ರಪ್ಪ, ಅದೇ ಗಳಿಗೆಯಲ್ಲಿ.

ಸ್ಪ್ರಿಂಗೂ ಸ್ಟ್ರಟ್ಟೂ ಜೋಡಿ ಹೊಂದಬೇಕೆಂದು ಊರಿಗೆಲ್ಲ ಹೇಳಿದ್ದ ನಾನು, ನಮ್ಮಿಬ್ಬರ ಸುಳ್ಳನ್ನು ಹೊಂದಿಸಿ ನೋಡಿರಲಿಲ್ಲ.