ಸಿಪಾಯಿಯ ಹೆಬ್ಬೆರಳು

ಆ ಸಿಪಾಯಿಯನ್ನು ನಾನು ಮೊದಲು ಕಂಡದ್ದು 2003ರ ನವರಾತ್ರಿಯ ಹಿಂದಿನ ದಿನ, ಪರದೇಶದ ಕಿಲಿಮಾನಿ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ. ಒಂದಡಿ ಎತ್ತರ, ಬಲಗೆನ್ನೆಯ ಮೇಲೆ ಗಾಯದ ಗುರುತು, ಮಾಸಿದ ಹಸಿರು ಸಮವಸ್ತ್ರ. ಮೈಸೂರಿನಿಂದ ತಂದ ನಮ್ಮ ಪಟ್ಟದ ಗೊಂಬೆಗಳಿಗೆ ಒಬ್ಬ ಕಾವಲುಗಾರ ಬೇಕೆಂದು ನನ್ನಾಕೆ ಗಿರಿಜಾ ಕೇಳಿದ್ದಳು. ಔಷಧಿ ಕಾರ್ಖಾನೆಯ ಎಂಜಿನಿಯರ್ ಚಕ್ರಪಾಣಿ ತನ್ನ ಹಳೆಯ ಆಟಿಕೆಗಳ ಸಂಗ್ರಹದಿಂದ ಇವನನ್ನು ಬಾಣಂತಿ ಕೂಸನ್ನು ತರುವಂತೆ ಎತ್ತಿಕೊಂಡು ಬಂದಿದ್ದ.

“ಗೊಂಬೆ ಅನ್ಬೇಡಿ ಮೇಡಂ. 1964ರಲ್ಲಿ ಅಮೆರಿಕದಲ್ಲಿ ಹುಟ್ಟಿದವನು. ಗೊಂಬೆ ಅಂದ್ರೆ ಗಂಡುಹುಡುಗರು ಮುಟ್ಟಲ್ಲ ಅಂತ ಕಂಪನಿಯವರು ಆ್ಯಕ್ಷನ್ ಫಿಗರ್ ಅಂತ ಹೊಸ ಹೆಸರೇ ಇಟ್ರು.”

“ನಮ್ಮ ಮೆಟ್ಟಿಲು ಹತ್ತಿದ ಮೇಲೆ ಯಾರಾದ್ರೂ ಗೊಂಬೆನೇ,” ಎಂದಳು ಗಿರಿಜಾ.

ಚಕ್ರಪಾಣಿ ನನ್ನ ಕಡೆ ತಿರುಗಿದ. “ಹಬ್ಬ ಮುಗಿದ ಭಾನುವಾರ ಇದೇ ಊರಿನ ನ್ಗಾರಾದಲ್ಲಿ ಹಳೇ ಆಟಿಕೆಗಳ ಪ್ರದರ್ಶನ ಇದೆ ಸಾರ್. ಅಲ್ಲಿ ಇವನೇ ಹೀರೋ. ಇವನ ಬಲಗೈ ಹೆಬ್ಬೆರಳು ಇದೆಯಲ್ಲ...”

ಆತ ಹೇಳಿ ಮುಗಿಸಲು ನಾನು ಬಿಡಲಿಲ್ಲ. ಮೂವತ್ತನಾಲ್ಕು ವರ್ಷ ಪಾಠ ಹೇಳಿದವನಿಗೆ ಪಾಠ ಕೇಳುವ ಅಭ್ಯಾಸ ತಪ್ಪಿಹೋಗಿರುತ್ತದೆ. “ಯೋಚನೆ ಬಿಡ್ರೀ ಚಕ್ರಪಾಣಿ. ಬಂದದ್ದಕ್ಕಿಂತ ಚೆನ್ನಾಗಿ ವಾಪಸ್ ಕಳಿಸ್ತೀನಿ,” ಎಂದು ಘೋಷಿಸಿದೆ.

ಮರುದಿನ ಅವನನ್ನು ಮೇಲಿನ ಮೆಟ್ಟಿಲಿಗೇರಿಸುವಾಗ ಕಣ್ಣು ಹೆಬ್ಬೆರಳಿನ ಮೇಲೆ ಬಿತ್ತು. ಉಗುರು ಒಳಬದಿಯಲ್ಲಿತ್ತು! ಅಷ್ಟು ದೊಡ್ಡ ದೇಶ, ಇಷ್ಟು ಸಣ್ಣ ಉಗುರು, ಅದೂ ತಪ್ಪು. ಉತ್ತರಪತ್ರಿಕೆ ತಿದ್ದಿ ಪಳಗಿದ ಕೈ ಸುಮ್ಮನಿರಲಿಲ್ಲ. ಉಪ್ಪುಕಾಗದದಿಂದ ಉಜ್ಜಿ ಅದನ್ನು ಅಳಿಸಿದೆ. ಸರಿಯಾದ ಬದಿಯಲ್ಲಿ ಗಿರಿಜಾಳ ಉಗುರುಬಣ್ಣದಿಂದ ಹೊಸದೊಂದನ್ನು ಬರೆದೆ. ಬಣ್ಣ ಕೆಂಪು, ಮೇಷ್ಟ್ರುಗಳು ತಿದ್ದುವುದು ಅದರಲ್ಲೇ ತಾನೆ?

ವಿಜಯದಶಮಿಯ ಸಂಜೆ ಚಕ್ರಪಾಣಿ ಬಂದ. ಸಿಪಾಯಿಯ ಕೈ ನೋಡಿದವನೇ ಸೋಫಾದಲ್ಲಿ ಕುಸಿದ.

“ಸಾರ್, ಇವನ ಉಗುರು?”

“ತಪ್ಪಿತ್ತು, ತಿದ್ದಿದೆ. ಥ್ಯಾಂಕ್ಸೆಲ್ಲ ಬೇಡ.”

“ಅದು ಕಂಪನಿ ಗುರುತು ಸಾರ್. ಕದ್ದು ನಕಲು ಮಾಡೋರನ್ನ ಹಿಡಿಯೋಕೆ ಇಟ್ಟಿದ್ದು. ಪ್ರದರ್ಶನದಲ್ಲಿ ಮೊದಲು ಅದನ್ನೇ ನೋಡ್ತಾರೆ. ಅವತ್ತು ಹೇಳ್ತಿದ್ದದ್ದೂ ಅದನ್ನೇ.”

“ಇವರು ಹೇಳೋಕೆ ಬಿಟ್ರೆ ತಾನೆ,” ಎಂದು ಗಿರಿಜಾ ಆತನ ಕೈಗೆ ಕೋಸಂಬರಿ ಕೊಟ್ಟಳು.

ಭಾನುವಾರ ನ್ಗಾರಾಕ್ಕೆ ನಾನೂ ತಲೆ ತಗ್ಗಿಸಿಕೊಂಡು ಹೋದೆ. ಹೆಬ್ಬೆರಳು ನೋಡಿದ ತೀರ್ಪುಗಾರರು ನಮ್ಮ ವೀರನನ್ನು ಗಾಜಿನ ಪೆಟ್ಟಿಗೆಯಿಂದ ತೆಗೆದು, ಮಕ್ಕಳು ಆಡುವ ಆಟಿಕೆಗಳ ಬುಟ್ಟಿಗೆ ಹಾಕಿಬಿಟ್ಟರು. ಚಕ್ರಪಾಣಿಯ ಮುಖ ನೋಡುವ ಧೈರ್ಯ ನನಗಿರಲಿಲ್ಲ. ಅಷ್ಟರಲ್ಲಿ ಅವನ ಆರು ವರ್ಷದ ಮಗಳು ಸಾನ್ವಿ ಬುಟ್ಟಿಗೆ ಕೈಹಾಕಿ ಸಿಪಾಯಿಯನ್ನು ಎದೆಗವಚಿಕೊಂಡಳು.

“ಪಪ್ಪಾ, ಫೈನಲಿ ಐ ಕ್ಯಾನ್ ಟಚ್ ಹಿಮ್.”

ಚಕ್ರಪಾಣಿ ನಕ್ಕುಬಿಟ್ಟ. ನಾನು ಉಸಿರು ಬಿಟ್ಟೆ.

ಐದು ವರ್ಷವಾಯಿತು. ಸಿಪಾಯಿ ಈಗ ಸಾನ್ವಿಯ ಹಾಸಿಗೆಯಲ್ಲಿ ಮಲಗುತ್ತಾನೆ; ಉಳಿದ ಒಂಬತ್ತು ಉಗುರಿಗೂ ಕೆಂಪು ಬಣ್ಣ ಬಂದಿದೆ. ಚಕ್ರಪಾಣಿ ಪ್ರತಿ ನವರಾತ್ರಿಗೂ ನಮ್ಮಲ್ಲಿಗೆ ಒಂದು ಆಟಿಕೆ ತರುತ್ತಾನೆ, ಅದರ ಕೊರಳಿಗೊಂದು ಚೀಟಿ ಕಟ್ಟಿ: ‘ತಪ್ಪುಗಳೆಲ್ಲ ಸರಿಯಾಗಿವೆ. ಮೇಷ್ಟ್ರು ತಿದ್ದಬಾರದು.’

ಈ ವರ್ಷದ ಚೀಟಿ ಸ್ವಲ್ಪ ಸೊಟ್ಟಗೆ ನೇತಾಡುತ್ತಿದೆ. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೇನೆ.