ಮೊಳಕಾಲ್ಮೂರಿಗೆ ಬಂದ ಫೈಲ್‌ಫಿಶ್

ಸಮುದ್ರವಿಲ್ಲದ ಊರಿನಲ್ಲಿ ಸಮುದ್ರದ ಮೀನಿನ ಪಾಠ ಮಾಡುತ್ತೇನೆಂದು ಹೊರಟವಳಿಗೆ ಇಂಥವು ನಡೆಯದೆ ಇನ್ನೇನು ನಡೆಯಬೇಕು? ನಾನು ಹುಟ್ಟಿದ್ದು ಮಲ್ಪೆಯ ಕಡೆ. ಕೆಲಸ ಸಿಕ್ಕಿದ್ದು ಮೊಳಕಾಲ್ಮೂರಿನ ಒಂದು ಕಾಲೇಜಿನಲ್ಲಿ, ಜೀವಶಾಸ್ತ್ರ ಹೇಳಿಕೊಡಲು. ನಿವೃತ್ತಿಯಾದ ಮೇಲೆ ಹತ್ತಿರದ ಚಳ್ಳಕೆರೆಯಲ್ಲಿ ಉಳಿದಿದ್ದೇನೆ. ತಾಳ್ಮೆಯನ್ನು ಮಾತ್ರ ಆ ಕಾಲೇಜಿನಲ್ಲೇ ಬಿಟ್ಟು ಬಂದೆ.

ಬಸ್ಸಿನಲ್ಲಿ

ಅದು ತೊಂಬತ್ತರ ದಶಕ. ಪ್ರಯೋಗಾಲಯದ ಸೀಸೆಗಳಲ್ಲಿ ಫಾರ್ಮಲಿನ್ ಆರಿಹೋಗಿ ಮೀನುಗಳೆಲ್ಲ ಒಣಗಿದ್ದವು. ಪ್ರಾಯೋಗಿಕ ಪರೀಕ್ಷೆಯಲ್ಲಿ ಮಕ್ಕಳು ಗುರುತಿಸಲು ಒಂದಾದರೂ ಮೀನು ಬೇಡವೇ? ಊರಿಗೆ ಹೋದಾಗ ಅಣ್ಣನ ಬಲೆಗೆ ಬಿದ್ದಿದ್ದ ಫೈಲ್‌ಫಿಶ್ ಒಂದನ್ನು ಫಾರ್ಮಲಿನ್ ತುಂಬಿದ ಅಗಲ ಬಾಯಿಯ ಸೀಸೆಗೆ ಹಾಕಿ ತಂದೆ. ಹಲಗೆಯಂಥ ಚಪ್ಪಟೆ ಮೈ, ಪುಟ್ಟ ಬಾಯಿ, ಕಣ್ಣಿನ ಮೇಲೆ ನೆಟ್ಟಗೆ ನಿಂತ ಒಂದು ಮುಳ್ಳು. ಅದರ ಹಿಂದಿನ ಸಣ್ಣ ಮುಳ್ಳು ಅಗುಳಿಯ ಹಾಗೆ. ಅದು ಸಿಕ್ಕಿಕೊಂಡರೆ ದೊಡ್ಡದು ಮಲಗುವುದೇ ಇಲ್ಲ.

ಚಳ್ಳಕೆರೆಯಲ್ಲಿ ಬಸ್ಸು ಬದಲಿಸಿ, ಸೀಸೆಯನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಪಕ್ಕದ ಅಜ್ಜಿ ಬಹಳ ಹೊತ್ತು ನೋಡಿ, ಉಪ್ಪಿನಕಾಯಿಯೇ ಎಂದು ಕೇಳಿದಳು. ಅಲ್ಲ, ಮಕ್ಕಳಿಗೆ ತೋರಿಸಲು, ಅದರ ನೀರು ವಿಷ, ಯಾರೂ ತಿನ್ನುವಂತಿಲ್ಲ ಎಂದು ದಾರಿಯುದ್ದಕ್ಕೂ ವಿವರಿಸಿದೆ. ಎಲ್ಲ ಕೇಳಿಸಿಕೊಂಡ ಅಜ್ಜಿ ಇಳಿಯುವಾಗ ನನ್ನ ಭುಜ ತಟ್ಟಿದಳು.

"ಎಣ್ಣೆ ಸಾಲದು ಕಣವ್ವ. ಅದ್ಕೇ ಹಿಂಗೆ ಬಿಳಿಚ್ಕಂಡೈತೆ."

ತರಗತಿಯಲ್ಲಿ

ಮೀನೇನೋ ಬಂತು, ಅದರ ವರ್ಗೀಕರಣ ಯಾರ ತಲೆಗೂ ಹತ್ತಲಿಲ್ಲ. ಫೈಲ್‌ಫಿಶ್ಶೂ, ಹೆದರಿದರೆ ಚೆಂಡಿನಂತೆ ಉಬ್ಬುವ ಪಫರ್ ಮೀನೂ ಒಂದೇ ಗಣ; ಕುಟುಂಬ ಮಾತ್ರ ಬೇರೆ. ಇಷ್ಟನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಪಕ್ಕದ ಸಿದ್ದಾಪುರದಿಂದ ಬರುತ್ತಿದ್ದ, ಕುರಿ ಸಾಕುವವರ ಮನೆಯ ಹುಡುಗಿಯಂತೂ ಅಳುವ ಹಾಗಾದಳು. ಮನೆಗೆ ಗಂಡಿನ ಕಡೆಯವರು ಬಂದಾಗಲೆಲ್ಲ, ತಾನಿನ್ನೂ ಓದುತ್ತಿದ್ದೇನೆ ಎಂದು ವಾಪಸು ಕಳಿಸುತ್ತಿದ್ದವಳು ಅವಳು. ಈ ಪರೀಕ್ಷೆಯಲ್ಲಿ ಫೇಲಾದರೆ ಆ ಮಾತು ನಡೆಯುವುದಿಲ್ಲ ಎಂದು ಅವಳಪ್ಪ ಹೇಳಿಬಿಟ್ಟಿದ್ದ.

ಕೊನೆಗೆ ಬೇಸತ್ತು, ಗಣ ಎಂದರೆ ನಿಮ್ಮ ಜನ, ಕುಟುಂಬ ಎಂದರೆ ಬೆಡಗು ಅಂದುಕೊಳ್ಳಿ ಎಂದೆ. ಬೆಡಗು ಗೊತ್ತಿಲ್ಲದ ಮಗು ಅಲ್ಲಿರಲಿಲ್ಲ. ಒಂದೇ ಬೆಡಗಿನವರು ಅಣ್ಣತಂಗಿಯರಿದ್ದ ಹಾಗೆ, ಮದುವೆಗೆ ಬೇರೆ ಬೆಡಗೇ ಆಗಬೇಕು. ಇಡೀ ತರಗತಿಯ ಮುಖ ಅರಳಿತು. ಅಂತೂ ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗನೊಬ್ಬ ಬಲು ವಿನಯದಿಂದ ಎದ್ದು ನಿಂತ.

"ಮಿಸ್, ಈ ಮೀನಿನ ಮನೆದೇವ್ರು ಯಾವುದು?"

ಮೇಜಿನ ಮೇಲೆ

ಫೈಲ್‌ಫಿಶ್‌ನ ಚರ್ಮ ಅರದ ಹಾಗೆ ಒರಟು. ಹಿಂದಿನ ಕಾಲದಲ್ಲಿ ಅದರಿಂದ ಮರ ಉಜ್ಜುತ್ತಿದ್ದರು ಎಂದು ಒಮ್ಮೆ ನಮ್ಮ ಅಟೆಂಡರನ ಮುಂದೆಯೂ ಹೇಳಿದ್ದೆ. ಹೇಳಬಾರದಿತ್ತು. ಪರೀಕ್ಷೆಗೆ ಮುಂಚೆ ಮೇಜು ರಿಪೇರಿಗೆ ಬಡಗಿ ಸಾಬರು ಬಂದರು. ಅವರ ಮರಳು ಕಾಗದ ಮುಗಿದುಹೋಯಿತು.

ನಾನು ಪಾಠ ಮುಗಿಸಿ ಬರುವಷ್ಟರಲ್ಲಿ ನನ್ನ ಮೀನು ಮೇಜಿನ ಮೇಲೆ ಮಲಗಿತ್ತು, ಒಂದು ಮಗ್ಗುಲು ಪೂರ್ತಿ ಸವೆದಿತ್ತು. ನೀವೇ ಹೇಳಿದ್ದಿರಲ್ಲ ಮೇಡಂ ಎಂದ ಅಟೆಂಡರ್. ಸಾಬರಿಗೋ ನನ್ನನ್ನು ಕಂಡು ಕನಿಕರ.

"ಬೇಕಾರ್ ಮಾಲು ಅಮ್ಮಾ. ಯಾರೋ ನಿಮ್ಗೆ ಮೋಸ ಮಾಡವ್ರೆ."

ಪರೀಕ್ಷೆಯಲ್ಲಿ

ಸವೆದ ಮಗ್ಗುಲನ್ನು ಗೋಡೆಯ ಕಡೆ ತಿರುಗಿಸಿ ಸೀಸೆಯನ್ನಿಟ್ಟೆ. ಹೊರಗಿನಿಂದ ಬಂದಿದ್ದ ಪರೀಕ್ಷಕರದು ಬೇವಿನ ಕಷಾಯ ಕುಡಿದಂಥ ಮುಖ. ಸಿದ್ದಾಪುರದ ಹುಡುಗಿಯ ಸರದಿ ಬಂತು. ಈ ಮೀನು ಶತ್ರುಗಳಿಂದ ಹೇಗೆ ಅಡಗುತ್ತದೆ ಎಂದು ಕೇಳಿದರು. ಕಡಲ ಹುಲ್ಲಿನ ನಡುವೆ ತಲೆ ಕೆಳಗೆ ಮಾಡಿ, ಹುಲ್ಲಿನ ಬಣ್ಣ ತಾಳಿ ನಿಲ್ಲುತ್ತದೆ ಎಂದು ಬಾಯಿಪಾಠ ಮಾಡಿಸಿದ್ದೆ. ಹುಡುಗಿ ತಾನೇ ತಲೆ ಕೆಳಗೆ ಹಾಕಿ ನಿಂತಳು. ಅವಳ ಮದುವೆಯೂಟ ನನ್ನ ಕಣ್ಣಿಗೆ ಕಂಡಿತು.

ಇದಕ್ಕೂ ಪಫರ್ ಮೀನಿಗೂ ಏನು ನಂಟು ಎಂದು ಕೇಳಿದರು. ಹುಡುಗಿ ತಟ್ಟನೆ ತಲೆಯೆತ್ತಿದಳು. "ಒಂದೇ ಗಣ ಸಾರ್, ಕುಟುಂಬ ಬ್ಯಾರೆ."

ಪರೀಕ್ಷಕರು ತಲೆದೂಗಿದರು. ನಾನು ಉಸಿರು ಬಿಟ್ಟೆ. ಅಲ್ಲಿಗೆ ನಿಲ್ಲಿಸಬಾರದೇ ಆ ಮಹಾತಾಯಿ?

"ಅಂದ್ರೆ ಜನ ಒಂದೇ, ಬೆಡಗು ಬ್ಯಾರೆ. ಇವ್ರ ಹೆಣ್ಣು ಅವ್ರಿಗೆ ಕೊಡಬೌದು ಸಾರ್."

ಪರೀಕ್ಷಕರು ಕನ್ನಡಕ ತೆಗೆದು ನನ್ನನ್ನು ನೋಡಿದರು. ಮೀನನ್ನು ನೋಡಿದರು. ನಾನು ಗೋಡೆ ನೋಡಿದೆ. ಅವರು ಮೀಸೆಯಡಿ ನಗು ಒತ್ತಿಹಿಡಿದು ಅಂಕ ಬರೆದು, ಪಾಸು ಎಂದು ನನಗೆ ಸನ್ನೆ ಮಾಡಿದರು. ಆಮೇಲೆ ಮುಖ ಬಿಗಿದುಕೊಂಡು ಹುಡುಗಿಯ ಕಡೆ ತಿರುಗಿದರು.

"ಹಂಗಾದ್ರೆ ಇದಕ್ಕೊಂದು ಗಂಡು ನೋಡೋಣೇನಮ್ಮ?"

ಹುಡುಗಿ ಸೀಸೆಯನ್ನು ತನ್ನ ಕಡೆಗೆ ಎಳೆದುಕೊಂಡಳು.

"ಬ್ಯಾಡ ಸಾರ್. ಅದಿನ್ನೂ ಓದ್ತಾ ಐತೆ."