ಎಲ್ಲರೂ ಸೇರಿ ಒಬ್ಬೊಬ್ಬರೇ

"ಒಂಟಿಯಾಗಿರೋದೂ ಒಂದು ವಿದ್ಯೆ ಕಣೇ! ಬ್ಯಾಂಕಿನ ಪರೀಕ್ಷೆಗಳನ್ನೆಲ್ಲ ಮೊದಲ ಸಲಕ್ಕೇ ಪಾಸು ಮಾಡಿದವನಿಗೆ ಇದೊಂದು ದೊಡ್ಡದಾ?"

ವಿಜಯವಾಡದ ಮನೆಯಲ್ಲಿ ಊಟದ ತಟ್ಟೆಯ ಮುಂದೆ ಕುಳಿತು ಚಂದ್ರಮೌಳಿಯವರು ಹೀಗೆ ಘೋಷಿಸಿದಾಗ, ಹುಳಿ ಬಡಿಸುತ್ತಿದ್ದ ಸುಮಿತ್ರಾ ಸೌಟನ್ನು ಗಾಳಿಯಲ್ಲೇ ನಿಲ್ಲಿಸಿದರು.

"ನೀವಾ? ನಾನು ಸ್ನಾನಕ್ಕೆ ಹೋದ್ರೆ ಬಚ್ಚಲ ಬಾಗಿಲಲ್ಲಿ ನಿಂತು ಪೇಪರ್ ಓದಿ ಹೇಳೋರು ನೀವು!"

ಬ್ಯಾಂಕು ಅವರನ್ನು ವಿಶಾಖಪಟ್ಟಣಕ್ಕೆ ವರ್ಗ ಮಾಡಿತ್ತು. ಸುಮಿತ್ರಾ ವರ್ಷಗಟ್ಟಲೆ ಕಾದು ವಿಜಯವಾಡದ ಬೆಂಜ್ ಸರ್ಕಲ್ ಬಳಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ವಿಭಾಗದ ಮುಖ್ಯಸ್ಥೆಯಾಗಿದ್ದರು; ಆ ಕುರ್ಚಿ ಇನ್ನೂ ಬೆಚ್ಚಗಾಗಿರಲಿಲ್ಲ. ಗಂಡ ಒಂದು ತಿಂಗಳು ಒಬ್ಬರೇ ಇದ್ದು ತೋರಿಸಲಾರದಿದ್ದರೆ ಕೆಲಸ ಬಿಟ್ಟು ಹಿಂದೆಯೇ ಬರುವುದಾಗಿ ಆಕೆ ಹೇಳಿಬಿಟ್ಟಿದ್ದರು. ಅಷ್ಟು ಕಾದು ಪಡೆದದ್ದನ್ನು ಆಕೆ ತಮಗಾಗಿ ಬಿಡುವಂತಾಗಬಾರದು ಎಂಬುದೇ ಚಂದ್ರಮೌಳಿಯವರ ಭೀಷಣ ಪ್ರತಿಜ್ಞೆಯ ಬುಡದಲ್ಲಿದ್ದ ಸಂಗತಿ.

ವಿಶಾಖಪಟ್ಟಣದ ಮಧುರವಾಡದಲ್ಲಿ ಹಿಡಿದ ಬಾಡಿಗೆ ಮನೆಯಲ್ಲಿ ಮೊದಲ ಸಂಜೆಯೇ ಸಾಧನೆ ಆರಂಭವಾಯಿತು. ಟೀವಿ ಆರಿಸಿದರು, ದೀಪ ಆರಿಸಿದರು, ಏಕಾಂತವೆಂಬ ಮಹಾಸಾಗರಕ್ಕೆ ಧುಮುಕಿದರು. ಕಾಲು ನೀರಿಗೆ ತಾಗುವ ಮೊದಲೇ ಎದುರು ಮನೆಯ ಕೋಟೇಶ್ವರಮ್ಮ ಬಾಗಿಲು ಬಡಿದರು. ಆಕೆ ತಾಯಿಯ ಕಡೆಯಿಂದ ಬಳ್ಳಾರಿಯವರು. ತಮ್ಮ ತೆಲುಗು ಬೆರೆತ ಕನ್ನಡ ಮಾತಾಡಲು ಯಾರಾದರೂ ಸಿಕ್ಕಾರೆಯೇ ಎಂದು ಕಾಯುತ್ತಿದ್ದವರು.

"ಏಮಂಡಿ, ಕರೆಂಟಿದೆಯಲ್ಲಾ, ಕತ್ತಲಲ್ಲಿ ಏನು ಮಾಡ್ತಿದ್ದೀರಾ?"

"ಏನಿಲ್ಲಮ್ಮ, ಒಬ್ಬನೇ ಇರೋದನ್ನ ಅಭ್ಯಾಸ ಮಾಡ್ತಿದ್ದೀನಿ."

"ಅಯ್ಯೋ ಪಾಪಂ! ಅದನ್ನ ಒಬ್ಬರೇ ಹೇಗೆ ಮಾಡ್ತಾರಂಡಿ? ತಾಳಿ, ನಮ್ಮವರನ್ನ ಕಳಿಸ್ತೀನಿ!"

ಆಕೆಯ ಪತಿ ಈಶ್ವರಯ್ಯ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಹೊತ್ತು ಬಂದರು, ಕುಳಿತರು, ಒಂದು ಮಾತೂ ಆಡದೆ ಒಂದು ಗಂಟೆ ಕಳೆದರು. "ಎಂಥಾ ಸುಖಮಂಡಿ! ಮದುವೆಯಾದ ಮೇಲೆ ಇಷ್ಟು ಮೌನ ನಾನು ಕೇಳೇ ಇಲ್ಲ" ಎಂದು ಕೈ ಮುಗಿದು ಹೋದವರು ಮರುದಿನ ಮೇಲಿನ ಮಹಡಿಯ ಜಗದೀಶರನ್ನು ಕರೆತಂದರು. ಜಗದೀಶ್ ತಮ್ಮ ಪಕ್ಕದ ಮನೆಯ ಫಣೀಂದ್ರರನ್ನು ಕರೆತಂದರು. ವಾರ ತುಂಬುವಷ್ಟರಲ್ಲಿ ಏಕಾಂತಕ್ಕೆ ಜಾಗ ಸಾಲದೆ ಕುರ್ಚಿಗಳು ಬಾಗಿಲಾಚೆಗೂ ಹರಡಿದವು! ಪಿಸುಗುಟ್ಟಿದವರನ್ನು ಈಶ್ವರಯ್ಯ ಕಣ್ಣಿನಲ್ಲೇ ಸುಟ್ಟರು. ಸಾಧಕರು ಬಳಲಬಾರದೆಂದು ಕೋಟೇಶ್ವರಮ್ಮ ಹೆಸರುಕಾಳಿನ ದೋಸೆ ಪೆಸರಟ್ಟು ಕಳಿಸಿದರು. "ಹೊರಡಿ" ಎನ್ನುವ ಧೈರ್ಯ ಚಂದ್ರಮೌಳಿಯವರಿಗಿರಲಿಲ್ಲ. ನಿಜ ಹೇಳಬೇಕೆಂದರೆ, ಮನಸ್ಸೂ ಇರಲಿಲ್ಲ.

"ಹೇಗಿದ್ದೀರಿ?" ಎಂದು ಸುಮಿತ್ರಾ ಫೋನಿನಲ್ಲಿ ಕೇಳಿದರು.

"ಪೂರ್ತಿ ಒಬ್ಬನೇ. ಪರಮ ಶಾಂತಿ!"

"ಹಾಗಾದ್ರೆ ಈಗ ಸೀನಿದ್ದು ಯಾರು?"

"ಟೀವಿ."

"ಟೀವಿ ಆರಿಸಿ ಕೂರ್ತೀನಿ ಅಂದಿದ್ರಿ?"

"ಅದೇ... ಪಕ್ಕದ ಮನೆ ಟೀವಿ."

ಸುಮಿತ್ರಾ ಫೋನಿಟ್ಟರು. ಶನಿವಾರ ಸುಳಿವೂ ಕೊಡದೆ ರೈಲು ಹತ್ತಿದರು.

ಆ ಸಂಜೆ ಚಂದ್ರಮೌಳಿಯವರಿಗೆ ಬೆನ್ನು ಹಿಡಿದುಕೊಂಡಿತ್ತು. ಕುರ್ಚಿಗಳ ನಡುವೆ ಚಾಪೆಯ ಮೇಲೆ ಅಂಗಾತ ಮಲಗಿ, ಸೊಳ್ಳೆಗೆ ಹೆದರಿ ಬಿಳಿ ಪಂಚೆಯನ್ನು ತಲೆಯವರೆಗೂ ಎಳೆದುಕೊಂಡಿದ್ದರು. ಮನಸ್ಸು ನಿಲ್ಲಲಿ ಎಂದು ಕೋಟೇಶ್ವರಮ್ಮ ಅವರ ತಲೆಯ ಬಳಿ ಎಣ್ಣೆಯ ದೀಪ ಹಚ್ಚಿ, ಊದುಬತ್ತಿಯನ್ನೂ ಸಿಕ್ಕಿಸಿ ಹೋಗಿದ್ದರು.

ಮೆಟ್ಟಿಲು ಹತ್ತಿ ಬಂದ ಸುಮಿತ್ರಾರ ಕಣ್ಣಿಗೆ ಮೊದಲು ಬಿದ್ದದ್ದು ಬಾಗಿಲ ಮುಂದಿನ ಚಪ್ಪಲಿಗಳ ರಾಶಿ. ಆಮೇಲೆ ತಲೆ ತಗ್ಗಿಸಿ ಕುಳಿತ ಗಂಡಸರು. ಆಮೇಲೆ ದೀಪ. ಆಮೇಲೆ ಪಂಚೆ.

"ಅಯ್ಯೋ! ನನ್ನ ಬಿಟ್ಟು ಹೋಗಿಬಿಟ್ರಾ!"

ಆ ಕೂಗಿಗೆ ಇಡೀ ಅಪಾರ್ಟ್‌ಮೆಂಟಿನ ಪಾರಿವಾಳಗಳು ಹಾರಿದವು. ಪಂಚೆ ಎದ್ದು ಕುಳಿತಿತು!

"ಎಲ್ಲಿಗೂ ಹೋಗಿಲ್ಲ ಕಣೇ! ಇಲ್ಲೇ ಇದ್ದೀನಿ!"

"ಮತ್ತೆ ಇವರೆಲ್ಲ ಯಾರು?"

"ನಾವು... ಎಲ್ಲರೂ ಸೇರಿ ಒಬ್ಬೊಬ್ಬರೇ ಇದ್ದೀವಿ."

ಈಶ್ವರಯ್ಯ ಕುರ್ಚಿ ಎತ್ತಿಕೊಂಡು ಮೊದಲು ಜಾರಿದರು. ಉಳಿದವರು ತಮ್ಮ ತಮ್ಮ ಚಪ್ಪಲಿ ಹುಡುಕಿಕೊಂಡರು. ಸುಮಿತ್ರಾ ಗಂಡನ ತೋಳನ್ನು ಬಿಡದೆ ಕುಳಿತರು. ನಗು, ಅಳು ಎರಡೂ ಒಟ್ಟಿಗೇ ನಡೆದಿದ್ದವು.

"ನಾನು ಫೇಲು, ಒಪ್ಕೊಂಡೆ" ಎಂದರು ಚಂದ್ರಮೌಳಿ. "ಆದ್ರೂ ನೀನು ಕೆಲಸ ಬಿಡಬೇಡ, ಸುಮಿ."

"ನಿಮಗೋಸ್ಕರ ಬಿಡ್ತೀನಿ ಅಂದದ್ದನ್ನ ನಂಬಿಬಿಟ್ರಾ?" ಆಕೆ ಸೆರಗಿನಿಂದ ಮೂಗೊರೆಸಿಕೊಂಡರು. "ಸಂಜೆ ಬಾಗಿಲು ತೆಗೆದ್ರೆ ಅಲ್ಲಿ ಬೈಯೋಕೆ ಒಬ್ಬರಿಲ್ಲ. ಎಷ್ಟು ಕಮ್ಮಿ ಬೇಳೆ ಹಾಕಿದ್ರೂ ಹುಳಿ ಇಬ್ಬರಿಗಾಗುತ್ತೆ. ನನಗೇ ಆಗ್ತಿಲ್ಲ ರೀ. ನಿಮ್ಮ ಹೆಸರು ಹೇಳಿ ಓಡಿಬರೋಣ ಅಂತಿದ್ದೆ."

ಮಹಾಸಾಧಕರು ಪಂಚೆಯ ತುದಿಯಿಂದ ಆಕೆಯ ಕಣ್ಣೊರೆಸಿದರು. "ಹಾಗಾದ್ರೆ ಈಗ?" ಎಂದರು.

"ಈಗೇನು? ಅಷ್ಟು ವರ್ಷ ಕಾದ ಕೆಲಸ, ಬಿಡೋಲ್ಲ. ನಾನೂ ಕಲೀತೀನಿ. ನಾಳೆ ಎಷ್ಟು ಗಟ್ಟಿಯಾಗಿ ಒಬ್ಬಳೇ ಹೋಗ್ತೀನಿ, ನೋಡ್ತಿರಿ!"

ಭಾನುವಾರ ರೈಲು ಹೊರಟಿತು. ಸುಮಿತ್ರಾ ಕಿಟಕಿಯಿಂದ ವೀರಾಗ್ರಣಿಯಂತೆ ಕೈ ಬೀಸಿದರು. ಕೊನೆಯ ಬೋಗಿ ಪ್ಲಾಟ್‌ಫಾರಂ ದಾಟುವ ಮೊದಲೇ ಚಂದ್ರಮೌಳಿಯವರ ಜೇಬಿನಲ್ಲಿ ಫೋನ್ ಅರಚಿತು.

"ಏನಾಯ್ತೇ? ಏನಾದ್ರೂ ಮರೆತೆಯಾ?"

"ಏನೂ ಇಲ್ಲ. ಒಬ್ಬಳೇ ಕೂರೋದನ್ನ ಶುರು ಮಾಡಿದ್ದೀನಿ. ನೀವು ಬಾಯಿ ತೆಗೀಬೇಡಿ, ನನ್ನ ಏಕಾಂತ ಕೆಡುತ್ತೆ. ಆದ್ರೆ ವಿಜಯವಾಡ ಬರೋವರೆಗೂ ಫೋನ್ ಮಾತ್ರ ಇಡಬೇಡಿ!"